ಉಣ್ಣುವ ಮಗುವನ್ನು ನೋಡಬಾರದಂತೆ

ದೊಡ್ಡತ್ತೆ ಬರುತ್ತಾರೆಂದರೆ ಈಗಲೂ ನನ್ನ ಮೈ ಉರಿಯುತ್ತದೆ. ಆಕೆ ನನ್ನ ಮಾವನವರ ಅಕ್ಕ. ಸೂಳೆಕೆರೆ ಕಡೆಯ ಹಳ್ಳಿಯಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಚನ್ನಗಿರಿಯ ನಮ್ಮ ಮನೆಗೆ ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ "ಕೂಸು ಸೊರಗೈತಲ್ಲ" ಎಂದು ಶುರು ಮಾಡುತ್ತಾರೆ. ಸೊರಗಿಲ್ಲ. ಎತ್ತಿಕೊಂಡರೆ ನನ್ನ ಸೊಂಟ ಬಿದ್ದುಹೋಗುತ್ತದೆ. ಆದರೆ ಈ ಮನೆಯಲ್ಲಿ ಮಗುವಿನ ತೂಕ ಅವರು ಹೇಳಿದಷ್ಟೇ.

ಮಗಳಿಗೆ ಆಗ ಕೆಳಗಡೆ ಎರಡೇ ಹಲ್ಲು. ಕಂಡದ್ದನ್ನೆಲ್ಲ ಮುಷ್ಟಿ ಕಟ್ಟಿ ಬಾಯಿಗೆ ಒಯ್ಯುವ ವಯಸ್ಸು. ರಾಗಿ ಸರಿ ತಿನ್ನಿಸಲು ಹೋದರೆ ಚಮಚವನ್ನೇ ಕಿತ್ತುಕೊಳ್ಳುತ್ತಿದ್ದಳು. ಎಲ್ಲ ತಾನೇ ತಿನ್ನಬೇಕೆಂಬ ಹಟ. ತಿನ್ನಲಿ ಎಂದು ನಾನು ಸಿಹಿಗುಂಬಳವನ್ನೋ ಗೆಣಸನ್ನೋ ಬೆರಳುದ್ದ ಹೆಚ್ಚಿ, ಹಬೆಯಲ್ಲಿ ಬೇಯಿಸಿ, ಎರಡು ಬೆರಳ ನಡುವೆ ಹಿಸುಕಿ ನೋಡಿ ಕೈಗೆ ಕೊಡುತ್ತಿದ್ದೆ. ಒತ್ತಿದರೆ ಬೆಣ್ಣೆಯ ಹಾಗೆ ಜಾರಬೇಕು; ಹಾಗಿದ್ದರೆ ಒಸಡಿಗೂ ನುರಿಯುತ್ತದೆ. ಮುಷ್ಟಿಯಿಂದ ಒಂದಿಷ್ಟು ಹೊರಗೆ ಇಣುಕುವಷ್ಟು ಉದ್ದವೂ ಇರಬೇಕು, ಇಲ್ಲವಾದರೆ ಹಿಡಿದದ್ದು ಅಂಗೈಯಲ್ಲೇ ಉಳಿದು ರಂಪವೋ ರಂಪ. ಇಡ್ಲಿಯನ್ನೂ ಉದ್ದುದ್ದ ಸೀಳಿ ಕೊಡುತ್ತಿದ್ದೆ. ದ್ರಾಕ್ಷಿಯಂಥ ದುಂಡನೆಯದು, ಶೇಂಗಾದಂಥ ಗಟ್ಟಿಯದು ಅವಳ ಹತ್ತಿರ ಸುಳಿಯುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅವಳನ್ನು ನೆಟ್ಟಗೆ ಕೂರಿಸಿ, ಎದುರಿಗೆ ನಾನೂ ಕೂತು, ತಿಂದು ಮುಗಿಯುವ ತನಕ ಕಣ್ಣು ಕೀಳದೆ ನೋಡುತ್ತಿದ್ದೆ.

ದೊಡ್ಡತ್ತೆಗೆ ಆಗದಿದ್ದುದು ಇದೇ.

"ಅದೇನು ಹಂಗೆ ಗುಡ್ಡೆ ಹೊರಗೆ ಬರಂಗೆ ನೋಡ್ತೀಯ? ಉಣ್ಣೋ ಕೂಸನ್ನ ನೋಡಬಾರ್ದು. ತಾಯಿ ದೃಷ್ಟಿನೇ ಜಾಸ್ತಿ ತಾಗೋದು."

"ನೋಡದಿದ್ರೆ ಗಂಟ್ಲಿಗೆ ಸಿಕ್ಕಿದ್ದು ಹೆಂಗೆ ಗೊತ್ತಾಗ್ತೈತ್ರಿ?"

"ಸಿಕ್ರೆ ಕೆಮ್ತೈತೆ. ಕಿವಿ ಇಲ್ಲೇನು ನಿಂಗೆ?"

ಕಿವಿ ಇದೆ. ಇದ್ದೂ ಪ್ರಯೋಜನವಿಲ್ಲ ಎಂಬುದೇ ನನ್ನ ಭಯ. ಗಂಟಲ ತನಕ ಹೋದ ತುಂಡನ್ನು ಮಗು ಓಕರಿಸಿ ಮುಂದಕ್ಕೆ ತಳ್ಳುವಾಗ ಸದ್ದಾಗುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ನೋಡುವವರಿಗೆ ಜೀವ ಹೋದಂತಾದರೂ ಮಗು ತಾನೇ ನಿಭಾಯಿಸಿಕೊಳ್ಳುತ್ತದೆ. ನಿಜಕ್ಕೂ ಉಸಿರು ಕಟ್ಟಿದಾಗ ಸದ್ದೇ ಬರುವುದಿಲ್ಲ. ಲಸಿಕೆ ಹಾಕಿಸಲು ಹೋಗಿದ್ದಾಗ ಆಸ್ಪತ್ರೆಯ ನರ್ಸ್ ಇದನ್ನು ಹೇಳಿ, ಗೊಂಬೆಯೊಂದನ್ನು ಕವುಚಿ ಬೆನ್ನು ತಟ್ಟುವುದನ್ನೂ ತೋರಿಸಿಕೊಟ್ಟಿದ್ದರು. ಮನೆಗೆ ಬಂದು ಎಲ್ಲರಿಗೂ ಹೇಳಿದೆ. ನನ್ನತ್ತೆ ತಲೆಯಾಡಿಸಿದರು. ಗಂಡ "ಹ್ಞೂಂ" ಎಂದು ಫೋನ್ ನೋಡಿದ. ದೊಡ್ಡತ್ತೆ ನಕ್ಕರು.

ನಮ್ಮ ಕಡೆ ಮನೆಗೆ ಯಾರು ಬಂದರೂ ಮಂಡಕ್ಕಿ. ಆವತ್ತು ಒಗ್ಗರಣೆ ಹಾಕಿ, ಶೇಂಗಾ ಬೆರೆಸಿ ಮಾಡಿದ್ದೆವು. ದೊಡ್ಡತ್ತೆಗೆ ಮೇಲಿನದು ಕೆಳಗಿನದು ಸೇರಿಸಿದರೂ ಬೆರಳೆಣಿಕೆಯ ಹಲ್ಲು. ಶೇಂಗಾ ಕಡಿಯಲಾಗದೆ ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಪಕ್ಕದಲ್ಲೇ ಮಗಳು ಗೆಣಸಿನ ತುಂಡು ಹಿಡಿದು ಕೂತಿದ್ದಳು. ಎದುರಿಗೆ ನಾನು. ಇದ್ದಕ್ಕಿದ್ದಂತೆ ಆಕೆ ಮಗುವನ್ನು ಬಾಚಿ ತೊಡೆಗೆ ಎಳೆದುಕೊಂಡು, ನನ್ನ ಕಣ್ಣು ಬೀಳದಿರಲೆಂದು ತಲೆಯ ಮೇಲಿಂದ ಸೆರಗು ಮುಚ್ಚಿಬಿಟ್ಟರು.

"ತಗೀರಿ ಅದನ್ನ" ಎಂದೆ.

"ಸುಮ್ಕಿರು. ನಿನ್ ಗಂಡಂಗೂ ಹಿಂಗೇ ಉಣ್ಸಿ ಬೆಳ್ಸೀನಿ."

ಗಂಡ ಹಲ್ಲು ಬಿಟ್ಟ.

ಸೆರಗಿನ ಆಚೆ ಮಗಳ ಒಂದು ಕಾಲು ಮಾತ್ರ ಕಾಣುತ್ತಿತ್ತು. ತಿನ್ನುವಾಗ ಅವಳು ಕಾಲು ಆಡಿಸುತ್ತಲೇ ಇರುತ್ತಾಳೆ. ಬೇರೇನೂ ಕಾಣದೆ ನಾನು ಆ ಕಾಲನ್ನೇ ನೋಡುತ್ತಿದ್ದೆ. ದೊಡ್ಡತ್ತೆ ಹೊನ್ನಾಳಿಯ ಯಾವುದೋ ಮದುವೆಯ ಊಟ ಕೆಟ್ಟಿತ್ತೆಂದು ಹೇಳುತ್ತಿದ್ದರು. ಕಾಲು ಒಮ್ಮೆ ಸೆಟೆಯಿತು. ಆಮೇಲೆ ಆಡಲಿಲ್ಲ.

ಸೆರಗು ಕಿತ್ತೆಳೆದೆ. ಮಗಳ ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ತುಟಿ ನೀಲಿಗೆ ತಿರುಗುತ್ತಿತ್ತು. ಮುಂಗೈ ಮೇಲೆ ಕವುಚಿ, ತಲೆ ಕೆಳಗೆ ಮಾಡಿ, ದವಡೆಗೆ ಕೈ ಕೊಟ್ಟು, ಇನ್ನೊಂದು ಅಂಗೈಯ ಬುಡದಿಂದ ಬೆನ್ನಿನ ನಡುವೆ ಗುದ್ದಿದೆ. "ಅಯ್ಯೋ, ಕೂಸಿಗೆ ಹೊಡಿತಾಳಲ್ರಪ್ಪೋ!" ಎಂದು ದೊಡ್ಡತ್ತೆ ನನ್ನ ತೋಳು ಹಿಡಿದರು. ಮೊಣಕೈಯಿಂದ ತಳ್ಳಿ ಮತ್ತೆ ಗುದ್ದಿದೆ. ಒಂದು ಶೇಂಗಾ ಬೀಜ ನೆಲಕ್ಕೆ ಬಿತ್ತು. ಮಗಳು ಕಿರುಚಿ ಅತ್ತಳು. ಅಷ್ಟು ಚೆಂದದ ಅಳುವನ್ನು ನಾನು ಕೇಳಿಯೇ ಇರಲಿಲ್ಲ.

ಖಾರ ಹತ್ತಬಾರದೆಂದು ಚೀಪಿ ಕೊಟ್ಟಿದ್ದರಂತೆ. ಎಂಥ ಕಾಳಜಿ! ತನ್ನಿಂದ ಅಗಿಯಲಾಗದೆ ತಟ್ಟೆಯ ಅಂಚಿಗೆ ಎತ್ತಿಟ್ಟದ್ದನ್ನು ಎರಡು ಹಲ್ಲಿನ ಕೂಸಿನ ಬಾಯಿಗೆ ಹಾಕಿದ್ದರು. ತಪ್ಪಾಯಿತು ಎನ್ನುತ್ತಾರೆಂದು ಕಾದೆ.

"ನೋಡ್ದ್ಯಾ, ನಿನ್ ಕಣ್ಣು ಹೆಂಗೆ ತಾಗ್ತು" ಎಂದರು.

ಎಂದವರೇ ಎದ್ದು ಒಣಮೆಣಸಿನಕಾಯಿ, ಉಪ್ಪು ತಂದು ಮಗಳಿಗೆ ನಿವಾಳಿಸಿ, ಅಡುಗೆಮನೆಗೆ ಹೋಗಿ ಒಲೆಗೆ ಹಿಡಿದರು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅವರದೇ ಶಾಸ್ತ್ರ. ಘಾಟು ಬಂತು. ಹೇಗೆ ಬಂತೆಂದರೆ ನಾನು ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಒಳಗೆ ಅತ್ತೆ, ಗಂಡ, ದೊಡ್ಡತ್ತೆ ಎಲ್ಲರೂ ಎದೆ ಕಿತ್ತುಬರುವಂತೆ ಕೆಮ್ಮುತ್ತಿದ್ದರು. ಸೆರಗಿನ ಕೆಳಗಿಂದ ಅಂಥ ಒಂದೇ ಒಂದು ಕೆಮ್ಮು ಬಂದಿರಲಿಲ್ಲ.

"ಘಾಟು ಬಂತಲ್ರಿ. ನನ್ ಕಣ್ಣಿಂದಲ್ಲ ಅಂತಾಯ್ತು" ಎಂದೆ ಬಾಗಿಲಲ್ಲಿ ನಿಂತು.

"ಈಗಿನ ಮೆಣಸಿನಕಾಯಿನೇ ಸರಿ ಇಲ್ಲ ಬಿಡು. ಎಲ್ಲ ಔಷಧಿ ಹೊಡ್ದಿದ್ದು."

ಗಂಡ ಕಣ್ಣೊರೆಸಿಕೊಳ್ಳುತ್ತ "ಹೋಗ್ಲಿ ಬಿಡು, ದೊಡ್ಡೋರು" ಎಂದ. ಆ ಕ್ಷಣದಲ್ಲಿ ದೊಡ್ಡತ್ತೆಗಿಂತ ಅವನ ಮೇಲೆ ನನಗೆ ಹೇಸಿಗೆಯಾಯಿತು. ಮಗಳ ತುಟಿಯ ಬಣ್ಣ ಅವನೂ ನೋಡಿದ್ದ. ಡಾಕ್ಟರಿಗೆ ತೋರಿಸಲು ಸ್ಕೂಟರ್ ತೆಗೆ ಎಂದೆ.

ಮುಂದಿನ ವಾರ ದೊಡ್ಡತ್ತೆ ಏನೂ ಆಗಿಲ್ಲವೆಂಬಂತೆ ಬಂದರು. ಮಗಳು ಕುಂಬಳಕಾಯಿ ತುಂಡು ಹಿಡಿದು, ಅರ್ಧ ಕೆನ್ನೆಗೆ ಅರ್ಧ ಬಾಯಿಗೆ ಮಾಡಿಕೊಳ್ಳುತ್ತ ಕೂತಿದ್ದಳು. ಆಕೆ ಪಕ್ಕಕ್ಕೆ ಬಂದು ಕೂತು, ನನ್ನ ಮುಖ ನೋಡಿ, ಲೊಚಗುಟ್ಟಿ, ಮತ್ತೆ ಸೆರಗು ಬಿಡಿಸಿದರು. ನಾನು ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಬಿಡೇ, ಹೊಸ ಸೀರೆ, ಹರಿತೈತೆ" ಎಂದರು.

"ಹರೀಲಿ" ಎಂದೆ, ಮಗಳ ಬಾಯಿಂದ ಕಣ್ಣು ತೆಗೆಯದೆ.