ಬೇರಿಗೂ ಗಾಳಿ ಬೇಕಂತೆ

ಗೆಳೆಯರೇ, ಇವತ್ತು ಭದ್ರಾವತಿಯ ಅಕ್ವೇರಿಯಂ ಅಂಗಡಿಯ ರಫೀಕ್ ಭಾಯ್ ಹತ್ತಿರ ಜಗಳಕ್ಕೇ ಹೋಗಿದ್ದೆ. ಗೊಬ್ಬರ ಕರಗಿಸಿದ ನೀರಿನಲ್ಲಿ ಟೊಮೇಟೊ ಬೆಳೆಸಿ, ಬೇರು ಎಷ್ಟು ಸಾರ ಹೀರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪಿಎಚ್‌ಡಿ ಕೆಲಸ. ಲೆಕ್ಕ ಹೇಳಿದಷ್ಟು ಬೇರು ಹೀರುತ್ತಲೇ ಇರಲಿಲ್ಲ. ನೀರಿಗೆ ಗಾಳಿ ಊದಲು ನಿಮ್ಮಲ್ಲಿ ಕೊಂಡ ಈ ಪಂಪೇ ಸರಿಯಿಲ್ಲ ಅಂದೆ.

ಅವರು ಓಡಿಸಿ ನೋಡಿದರು. "ಪಂಪ್ ಚೆನ್ನಾಗೇ ಇದೆ ಮೇಡಂ. ಕರೆಂಟ್ ಹೋದಾಗ ಏನ್ಮಾಡ್ತೀರಿ?"

"ಕಂಪ್ಯೂಟರಿಗೆ ಯುಪಿಎಸ್ ಇದೆ."

"ಗಿಡಕ್ಕೆ? ಗಾಳಿ ನಿಂತ್ರೆ ಮೀನಾದ್ರೆ ಮೇಲೆ ಬಂದು ಬಾಯಿ ಬಿಡತ್ತೆ. ಬೇರು ಊಟ ಬಿಟ್ಟು ಸುಮ್ನಿರತ್ತೆ, ಅಷ್ಟೆ."

ಮೂರು ತಿಂಗಳ ತಲೆನೋವು ಅವರು ಕೊಡಿಸಿದ ಚಹಾ ಮುಗಿಯುವುದರೊಳಗೆ ಇಳಿಯಿತು. ಶಿವಮೊಗ್ಗದ ಮನೆಗೆ ಬಂದವಳೇ ಯುಪಿಎಸ್ಸನ್ನು ಪಂಪಿಗೆ ಕೊಟ್ಟೆ.

ಈಗ ನಮ್ಮ ರವೀಂದ್ರನಗರದಲ್ಲಿ ಕರೆಂಟಿಲ್ಲ. ಬೇರುಗಳು ಊಟ ಮಾಡುತ್ತಿವೆ, ಕಂಪ್ಯೂಟರ್ ಉಪವಾಸ ಕೂತಿದೆ. ಥ್ಯಾಂಕ್ಸ್ ರಫೀಕ್ ಭಾಯ್, ಇದನ್ನು ಮೊಬೈಲಿನಲ್ಲೇ ಬರೆಯುತ್ತಿದ್ದೇನೆ.