ಇಪ್ಪತ್ತೆರಡು ಸೆಕೆಂಡಿನ ರಾಗ

ಗ್ರಂಥಾಲಯದವರು ಕೊಟ್ಟ ಹಾಳೆಗೆ ಹಲ್ಲಕ್ಕ ಓದದೆ ಸಹಿ ಹಾಕಿದ್ದಳು. ಓದಿದ್ದು ಮರುದಿನ. ಅಲ್ಲಿಂದ ಮುಂದೆ ಹತ್ತು ದಿನ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಮನೆಯಲ್ಲೇ ವಿಡಿಯೋ ಗೇಮ್ ಮಾಡಿದವರನ್ನು ಹುಡುಕಿ, ಹನ್ನೆರಡು ಜನರನ್ನು ಆರಿಸಿ, ಭಾನುವಾರ ದೊಡ್ಡ ಹಾಲ್‌ನಲ್ಲಿ ಪ್ರದರ್ಶನ ಇಡುವುದು ಗ್ರಂಥಾಲಯದ ಹೊಸ ಉಮೇದು. ಆ ಹನ್ನೆರಡರಲ್ಲಿ ಹನ್ನೊಂದು ಜನ ಮೀಸೆ ಚಿಗುರುತ್ತಿದ್ದವರು, ಕಾಲೇಜಿನವರು. ಹನ್ನೆರಡನೆಯವಳು ನಲವತ್ತೇಳು ವರ್ಷದ ನಮ್ಮ ಹಲ್ಲಕ್ಕ. ಹೆಸರು ಆರಿಸಿದ್ದೇವೆ ಎಂದು ಫೋನು ಬಂದಾಗ ಓಡಿ ಹೋಗಿ ಸಹಿ ಹಾಕಿ ಬಂದಿದ್ದಳು. ಆ ಹಾಳೆಯ ಏಳನೇ ಸಾಲು ಹೀಗಿತ್ತು: ಆಟದಲ್ಲಿರುವ ಚಿತ್ರ, ಬರಹ, ಸಂಗೀತ ಎಲ್ಲವೂ ನನ್ನ ಸ್ವಂತದ್ದು, ಇಲ್ಲವೇ ಹಕ್ಕುದಾರರ ಲಿಖಿತ ಅನುಮತಿ ಪಡೆದದ್ದು.

ಚಿತ್ರ ಅವಳದ್ದೇ. ಬರಹವೂ ಅವಳದ್ದೇ. ಸಂಗೀತದ ಹತ್ತಿರ ಬಂದಾಗ ಅವಳ ಬೆರಳು ಸಾಲಿನ ಮೇಲೇ ನಿಂತಿತು.

ಹಲ್ಲಕ್ಕನ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಕಿಟಕಿಯೊಂದೇ ಇರುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ರೋಗಿಯ ಬಾಯಿಯ ಅಚ್ಚು ಬರುತ್ತದೆ. ಅದಕ್ಕೆ ಪ್ಲಾಸ್ಟರ್ ಸುರಿದು ಒಸಡು ಎಬ್ಬಿಸಬೇಕು, ಮೇಣದಲ್ಲಿ ಹಲ್ಲು ಕೂರಿಸಬೇಕು, ಬೇಯಿಸಬೇಕು, ಉಜ್ಜಬೇಕು, ಮಿರುಗಿಸಬೇಕು. ಮುಂದಿನ ಎರಡು ಹಲ್ಲನ್ನು ಅವಳು ಎಂದೂ ಪೂರ್ತಿ ನೆಟ್ಟಗೆ ಕೂರಿಸುವುದಿಲ್ಲ, ಒಂದನ್ನು ಕೂದಲೆಳೆಯಷ್ಟು ವಾರೆ ಮಾಡುತ್ತಾಳೆ. ಹಾಗೆ ಮಾಡಿದರೆ ಮಾತ್ರ ನಗು ನಿಜದ್ದೆನಿಸುತ್ತದೆ ಎಂದು ಕಂಡುಕೊಂಡವಳು ಅವಳೇ. ಸೆಟ್ಟು ತಯಾರಾದ ಮೇಲೆ ನೀಲಿ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಕ್ಲಿನಿಕ್ಕಿನ ಚೀಟಿ, ಚೀಟಿಯ ಮೇಲೆ ಡಾಕ್ಟರ ಹೆಸರು. ಊರವರು ಕನ್ನಡಿ ನೋಡಿಕೊಂಡು "ಡಾಕ್ಟರ ಕೈಗುಣ ಅಂದ್ರೆ ಕೈಗುಣ" ಅನ್ನುತ್ತಾರೆ. ಡಾಕ್ಟರು ಕೆಟ್ಟವರಲ್ಲ, ಆದರೆ ಹಾಗಂದವರನ್ನು ತಿದ್ದಿದ್ದೂ ಇಲ್ಲ. ಬಸ್ಸಿನಲ್ಲಿ ಯಾರೋ ಬಾಯ್ತುಂಬ ನಕ್ಕರೆ ಹಲ್ಲಕ್ಕನಿಗೆ ತನ್ನ ಕೆಲಸ ಗುರುತು ಸಿಗುತ್ತದೆ. ಹೇಳಿಕೊಳ್ಳುವುದು ಯಾರ ಹತ್ತಿರ? ಅಪರಿಚಿತರನ್ನು ತಡೆದು "ಸ್ವಾಮಿ, ನಿಮ್ಮ ಹಲ್ಲು ನನ್ನದು" ಅನ್ನಲಾದೀತೆ? ಅವಳಿಗೆ ನೋವಾಗುತ್ತಿತ್ತು. ಅದನ್ನು ಮುಚ್ಚಿಡುವುದರಿಂದ ಏನೂ ಬರುವುದಿಲ್ಲ, ನಿಜಕ್ಕೂ ನೋವಾಗುತ್ತಿತ್ತು.

ಅದಕ್ಕೇ ಆಟ. ಒಂದೇ ಮನೆಯಲ್ಲಿರುವ ತನ್ನ ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲಿ, ಬೆಳಗಿನ ಕಾಫಿ ಆರುವಷ್ಟರಲ್ಲಿ ಕೋಡಿನ ಒಂದು ಸಾಲು, ಭಾನುವಾರ ಮಧ್ಯಾಹ್ನ ಹತ್ತು ಸಾಲು ಎಂದು ಎರಡು ವರ್ಷ ಕುಟ್ಟಿ ಮಾಡಿದ್ದಳು. ಒಂದು ಕಟ್ಟುಹಲ್ಲಿನ ಸೆಟ್ಟು ತನ್ನ ಯಜಮಾನನ ಬಾಯಿ ಹುಡುಕಿಕೊಂಡು ಊರೆಲ್ಲ ಅಲೆಯುತ್ತದೆ. ಮೆಟ್ಟಿಲು ಹತ್ತುತ್ತದೆ, ಚರಂಡಿ ಹಾರುತ್ತದೆ, ನಾಯಿ ಅಟ್ಟಿಸಿಕೊಂಡು ಬಂದರೆ ಕಟಕಟ ಕಡಿಯುತ್ತದೆ. ಮೊದಲ ಪರದೆಯಲ್ಲೇ ದೊಡ್ಡದಾಗಿ ಬರೆದಿದ್ದಳು: ಆಟ, ಚಿತ್ರ, ಸಂಗೀತ. ಅದರ ಕೆಳಗೆ ತನ್ನ ಪೂರ್ತಿ ಹೆಸರು. ಜಗತ್ತಿನಲ್ಲಿ ಅವಳ ಹೆಸರು ಹೊತ್ತ ವಸ್ತು ಅದೊಂದೇ.

ಆ ಸಂಗೀತ ಮಾತ್ರ ರೇಡಿಯೋದ್ದು. ಅವಳು ಚಿಕ್ಕವಳಿದ್ದಾಗ ಸಂಜೆ ಐದೂವರೆಯ ಮಕ್ಕಳ ಕಾರ್ಯಕ್ರಮಕ್ಕೆ ಮುಂಚೆ ಬರುತ್ತಿದ್ದ ಪಿಟೀಲಿನ ರಾಗ, ಬರೀ ಇಪ್ಪತ್ತೆರಡು ಸೆಕೆಂಡು. ಅವಳ ವಯಸ್ಸಿನವರಿಗೆಲ್ಲ ಬಾಯಿಪಾಠ. ಹಲ್ಲಕ್ಕ ಧ್ವನಿಮುದ್ರಣ ಕದಿಯಲಿಲ್ಲ. ಕೀಬೋರ್ಡ್ ತಂದು, ನೆನಪಿನಿಂದ ಒಂದೊಂದೇ ಸ್ವರ ಹೆಕ್ಕಿ, ಮೂರು ವಾರ ಒದ್ದಾಡಿ ತಾನೇ ನುಡಿಸಿದ್ದಳು. ಅವಳ ಲೆಕ್ಕಾಚಾರ ಕಸುಬಿನದು. ಯಾರದೋ ಹಳೆಯ ಸೆಟ್ಟು ಸವೆದು ಬಂದರೆ ಅದರ ಅಚ್ಚು ತೆಗೆದು, ಹಾಗೇ ಇರುವ ಹೊಸದನ್ನು ಮಾಡುತ್ತಾಳೆ. ಹೊಸ ಮೇಣ, ಹೊಸ ಹಲ್ಲು, ತನ್ನ ಕೈ. ಹಳೆಯದನ್ನು ಮಾಡಿದವರು ಬಂದು ಅದು ನನ್ನದು ಅಂದದ್ದುಂಟೆ? ಹಾಗಾಗಿ ರಾಗವೂ ತನ್ನದೇ ಎಂದು ಎಳ್ಳಷ್ಟೂ ಅನುಮಾನವಿಲ್ಲದೆ ನಂಬಿದ್ದಳು. ಅಷ್ಟೇ ಅಲ್ಲ, ಇಡೀ ಆಟವನ್ನು ಅದರ ತಾಳಕ್ಕೆ ಕಟ್ಟಿದ್ದಳು. ಸ್ವರ ಮೇಲಕ್ಕೆ ಹೋದಾಗ ಹಾರಬೇಕು, ಇಳಿದಾಗ ಕೂರಬೇಕು. ರಾಗ ಕೇಳಿಸದಿದ್ದರೆ ಆಡುವವರಿಗೆ ಯಾವಾಗ ಹಾರಬೇಕೆಂದೇ ತಿಳಿಯುವುದಿಲ್ಲ.

ಏಳನೇ ಸಾಲನ್ನು ಅವಳು ಅಕ್ಕನಿಗೆ ಓದಿ ಹೇಳಿದಳು. ಅಕ್ಕ ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವಳು, ಯಾವ ವಿಷಯಕ್ಕೂ ಮಿಷಿನ್ ನಿಲ್ಲಿಸದವಳು.

"ನೀನೇ ನುಡಿಸಿದ್ದಲ್ವೇ?"

"ನುಡಿಸಿದ್ದು ನಾನೇ. ಆದ್ರೆ ಕಟ್ಟಿದ್ದು ನಾನಲ್ವಲ್ಲ."

"ಯಾರಿಗೆ ಗೊತ್ತಾಗುತ್ತೆ ಬಿಡೇ. ಹಲ್ಲು ರಸ್ತೆ ಮೇಲೆ ನಡೀತಾ ಇರುವಾಗ ಜನ ರಾಗ ಯಾರದ್ದು ಅಂತ ಕೇಳ್ತಾರಾ?"

"ಗೊತ್ತಾಗದೇ ಇರೋಕೆ ಅದೇನು ಯಾರೂ ಕೇಳದ ರಾಗಾನಾ? ಕೇಳಿದ ತಕ್ಷಣ ಅರ್ಧ ಊರು ಗುನುಗುತ್ತೆ."

ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಹಾಗಾದ್ರೆ ಕೇಳಿ ಅನುಮತಿ ತಗೋ. ಇಲ್ಲಾಂದ್ರೆ ತೆಗೆದುಬಿಡು. ಎರಡೂ ಇಲ್ಲಾಂದ್ರೆ ಮನೆ ತುಂಬ ಓಡಾಡಿ ನನ್ನ ತಲೆ ತಿನ್ನಬೇಡ" ಅಂದಳು.

ಹಲ್ಲಕ್ಕ ಓಡಾಡುತ್ತಲೇ ಇದ್ದಳು. ಲ್ಯಾಬಿನಲ್ಲಿ ಮೇಣ ಕರಗಿಸಲು ಇಟ್ಟು ಮರೆತು ಹೊಗೆ ಎಬ್ಬಿಸಿದಳು. ಬುಧವಾರ ಒಂದು ಸೆಟ್ಟಿನಲ್ಲಿ ಎಡ ಬಲದ ಕೋರೆಹಲ್ಲು ಅದಲುಬದಲು ಮಾಡಿ ಕಳಿಸಿದಳು. ಡಾಕ್ಟರು ಡಬ್ಬಿ ಹಿಡಿದು ಬಂದರು.

"ಏನಮ್ಮ ಇದು? ಇದನ್ನ ಹಾಕ್ಕೊಂಡ್ರೆ ಅವರ ಮನೆಯವರೇ ಬಾಗಿಲು ತೆಗೆಯಲ್ಲ. ನನ್ನ ಹೆಸರು ಹಾಳಾಗಲ್ವಾ?"

"ತಪ್ಪಾಯ್ತು ಸಾರ್" ಎಂದು ಡಬ್ಬಿ ತೆಗೆದುಕೊಂಡಳು. ತಪ್ಪಾದರೆ ಮಾತ್ರ ಕೆಲಸ ನನ್ನದು, ಎಂದುಕೊಂಡಳು. ಮರುಕ್ಷಣವೇ ತನ್ನ ಆಟದ ಮೊದಲ ಪರದೆ ಕಣ್ಣ ಮುಂದೆ ಬಂತು. ಆಟ, ಚಿತ್ರ, ಸಂಗೀತ, ಕೆಳಗೆ ತನ್ನ ಹೆಸರು. ಅವಳೂ ಯಾರದೋ ಡಬ್ಬಿಯ ಮೇಲೆ ತನ್ನ ಚೀಟಿ ಅಂಟಿಸಿದ್ದಳು. ಆ ದಿನ ಕೋರೆಹಲ್ಲನ್ನು ಅವಳು ಮೂರು ಸಲ ಕಿತ್ತು ಕೂರಿಸಿದಳು.

ರೇಡಿಯೋದ ಹಳೆಯ ಸಂಗೀತವನ್ನೆಲ್ಲ ಒಂದು ಕ್ಯಾಸೆಟ್ ಕಂಪನಿ ಕೊಂಡಿದೆ ಎಂದು, ಅವಳು ವಿಚಾರಿಸಿದಾಗ, ಗ್ರಂಥಾಲಯದವರು ಪತ್ತೆ ಹಚ್ಚಿ ಹೇಳಿದರು. ಹಲ್ಲಕ್ಕ ಗುರುವಾರ ಊಟದ ಬಿಡುವಿನಲ್ಲಿ ಫೋನು ಮಾಡಿದಳು. ಕಂಪನಿಯ ಗುಮಾಸ್ತ ಮರ್ಯಾದೆಯಿಂದಲೇ ಮಾತಾಡಿದ.

"ಹಕ್ಕು ನಮ್ಮದೇ ಮೇಡಂ. ನೀವೇ ನುಡಿಸಿದ್ರೂ ನಮ್ಮದೇ. ಅರ್ಜಿ ಕಳಿಸಿ, ಮೂರು ತಿಂಗಳಲ್ಲಿ ಹೇಳ್ತೀವಿ."

"ಪ್ರದರ್ಶನ ಬರೋ ಭಾನುವಾರ."

"ಹಾಗಾದ್ರೆ ಆಗಲ್ಲ ಮೇಡಂ."

ಫೋನು ಇಡುವ ಮುಂಚೆ ಅವಳು ಕೇಳಿದಳು, "ಅದನ್ನ ಮಾಡಿದವರು ಯಾರು?"

ಕಾಗದ ಮಗುಚಿದ ಸದ್ದು. "ನಮ್ಮ ಪಟ್ಟಿಯಲ್ಲಿ ನಂಬರ್ ಇದೆ. ಹೆಸರು ಹಾಕಿಲ್ಲ."

ಅನುಮತಿ ಸಿಗಲಿಲ್ಲವೆಂಬುದಕ್ಕಿಂತ ಆ ಮಾತು ಅವಳನ್ನು ಹೆಚ್ಚು ಕೊರೆಯಿತು. ನಂಬರ್ ಇದೆ, ಹೆಸರಿಲ್ಲ. ಆಗ ನೆನಪಾದವರು ಒಬ್ಬ ಹಳೆಯ ರೇಡಿಯೋ ಉದ್ಘೋಷಕರು. ಎರಡು ವರ್ಷದ ಹಿಂದೆ ಅವರ ಸೆಟ್ಟು ಮಾಡಿದ್ದಳು. ಹಲ್ಲು ಹಾಕಿಕೊಂಡು ಮಾತಾಡಿದರೆ ಸೀಟಿ ಹೊಡೆದಂತಾಗುತ್ತದೆ ಎಂದು ನಾಲ್ಕು ಸಲ ವಾಪಸು ಕಳಿಸಿದ ಮಹಾನುಭಾವರು. ಅವರ ಫೋನ್ ನಂಬರನ್ನು ಮರೆಯುವುದು ಸಾಧ್ಯವೇ ಇರಲಿಲ್ಲ.

"ಆ ರಾಗವೇ?" ಎಂದರು ಉದ್ಘೋಷಕರು, ಈಗ ಒಂದು ಚೂರೂ ಸೀಟಿಯಿಲ್ಲದೆ. "ಅದು ನಮ್ಮ ಪಿಟೀಲಮ್ಮ ಮಾಡಿದ್ದು. ಇದ್ದಾರೆ, ಇದ್ದಾರೆ. ವಿಳಾಸ ಬರ್ಕೊಳ್ಳಿ."

ಶುಕ್ರವಾರ ಸಂಜೆ ಹಲ್ಲಕ್ಕ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ಎರಡು ಬಸ್ಸು ಬದಲಿಸಿ, ಮೂರು ಮಹಡಿ ಹತ್ತಿ ಬಾಗಿಲು ತಟ್ಟಿದಳು. ತೆಗೆದವರು ಎಂಬತ್ತರ ಆಚೆಯ ಸಣ್ಣ ಹೆಂಗಸು. ಹಲ್ಲಕ್ಕ ಕಸುಬು ಹೇಳಿಕೊಂಡದ್ದೇ ತಡ, ಅವರು ಬಾಯಿ ಅಗಲಿಸಿ ತೋರಿಸಿದರು. "ನೋಡಿ, ಎಲ್ಲ ನನ್ನವೇ. ನಿಮಗೆ ಇಲ್ಲಿ ಕೆಲಸ ಇಲ್ಲ."

ಕೋಣೆಯಲ್ಲಿ ಪಿಟೀಲು ಇರಲಿಲ್ಲ. ಬೆರಳು ಬಗ್ಗುವುದು ನಿಂತ ವರ್ಷವೇ ಯಾರಿಗೋ ಕೊಟ್ಟರಂತೆ. ಹಲ್ಲಕ್ಕ ತಪ್ಪೊಪ್ಪಿಗೆಯನ್ನು ಒಂದೇ ಉಸಿರಿಗೆ ಮುಗಿಸಿ, ಆಟ ಹಚ್ಚಿದಳು. ಪಿಟೀಲಮ್ಮ ಕಣ್ಣು ಮುಚ್ಚಿ ಕೇಳಿದರು.

"ಮೂರನೇ ಸಾಲಲ್ಲಿ ಒಂದು ಸ್ವರ ತಪ್ಪು ನುಡಿಸಿದ್ದೀರಿ."

"ನನಗೆ ಹಾಗೇ ನೆನಪಿತ್ತು."

"ನಿಮ್ಮ ರೇಡಿಯೋ ಕೆಟ್ಟಿರಬೇಕು" ಎಂದು ನಕ್ಕು, ಸರಿಯಾದದ್ದನ್ನು ಒಡೆದ ದನಿಯಲ್ಲಿ ಹಾಡಿ ತೋರಿಸಿದರು. ಆಮೇಲೆ ಮಾತಿಗೆ ಮಾತು ಬಂತು. ಅದನ್ನು ಕಟ್ಟಿದ್ದು ವಾರ್ತೆಗೂ ಊಟಕ್ಕೂ ನಡುವಿನ ಕಾಲು ಗಂಟೆಯಲ್ಲಂತೆ. ಹದಿನಾರು ವರ್ಷ ದಿನಾ ಬಂತಂತೆ. "ಒಂದಿನಾನೂ ನನ್ನ ಹೆಸರು ಹೇಳಲಿಲ್ಲ. ಮಾಡಿದ್ದು ನಾನು ಅಂತ ಪಕ್ಕದ ಮನೆಯವರಿಗೆ ಹೇಳಿದೆ. 'ಹೌದಾ ಅಜ್ಜಿ' ಅಂತಾರೆ, ಮಗುವನ್ನ ಸಮಾಧಾನ ಮಾಡೋ ಹಾಗೆ."

"ನೀವು ಹೂಂ ಅಂದ್ರೆ ನಾನು ಇದನ್ನ ಇಟ್ಕೋಬಹುದಾ?"

"ನಾನು ಹೂಂ ಅಂದ್ರೆ ಏನು ಬಂತಮ್ಮ? ಹಕ್ಕನ್ನ ಆಗ್ಲೇ ರೇಡಿಯೋದವರಿಗೆ ಸಹಿ ಹಾಕಿ ಕೊಟ್ಟಾಯ್ತು. ಈಗ ನಾನೇ ನುಡಿಸಿದ್ರೂ ಆ ಕಂಪನಿಯವರನ್ನ ಕೇಳ್ಬೇಕು." ಇದನ್ನು ಅವರು ಸಿಟ್ಟಿಲ್ಲದೆ ಹೇಳಿದರು. ಸಿಟ್ಟು ಬಂದದ್ದು ಹಲ್ಲಕ್ಕನಿಗೆ. ಹೊರಡುವಾಗ ಅವಳು ಭಾನುವಾರ ಬನ್ನಿ ಎಂದು ಕರೆದು, ಲ್ಯಾಬಿನ ಚೀಟಿಯ ಹಿಂದೆ ಅವರ ಹೆಸರು ಬರೆಸಿಕೊಂಡಳು.

ಶನಿವಾರ ಅವಳು ಆಟದಿಂದ ರಾಗವನ್ನು ತೆಗೆದುಹಾಕಿದಳು. ತೆಗೆಯುವುದು ಒಂದು ಸಾಲಿನ ಕೆಲಸ, ಆ ಒಂದು ಸಾಲಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕೋಣೆಯಲ್ಲಿ ಅತ್ತಿಂದಿತ್ತ ನಡೆದಳು. ತೆಗೆದ ಮೇಲೆ ಆಟ ಕುಂಟಿತು. ಸೆಟ್ಟು ಸುಮ್ಮಸುಮ್ಮನೆ ಕುಪ್ಪಳಿಸುವುದು, ಹಳ್ಳಕ್ಕೆ ಬೀಳುವುದು. ಬೇರೆ ಏನಾದರೂ ಸದ್ದು ಹಾಕೋಣವೆಂದು ಚಮಚ ಬಡಿದಳು, ಅಕ್ಕನ ಮಿಷಿನ್ ಹಿಡಿದಳು, ಯಾವುದೂ ತಾಳಕ್ಕೆ ಕೂರಲಿಲ್ಲ. ಕೊನೆಗೆ ಹಾರಬೇಕಾದ ಕಡೆ ಒಂದೊಂದು ಬಿಳಿ ಚುಕ್ಕೆ ಮಿನುಗಿಸಿ ಕೈಬಿಟ್ಟಳು. ಆಮೇಲೆ ಮೊದಲ ಪರದೆ ತೆರೆದು, ಅಲ್ಲಿದ್ದದ್ದನ್ನು ಅಳಿಸಿ, ಬೇರೆ ಬರೆದಳು.

ಅಕ್ಕ ಬಂದು ಆಡಿ ನೋಡಿ, ಮೊದಲ ಸಲ ಚೇಷ್ಟೆ ಮಾಡದೆ ಹೇಳಿದಳು: "ಮೊದ್ಲೇ ಚೆನ್ನಾಗಿತ್ತು ಕಣೇ."

"ಗೊತ್ತು."

ಭಾನುವಾರ ಗ್ರಂಥಾಲಯದ ಹಾಲ್ ಕಿಕ್ಕಿರಿದಿತ್ತು. ಹನ್ನೊಂದು ಮೇಜಿನಿಂದ ಗುಡುಗು, ಕಹಳೆ, ಗುಂಡಿನ ಸದ್ದು. ಹಲ್ಲಕ್ಕನ ಮೇಜು ಮಾತ್ರ ಮೂಕ. ಜನ ಬರುತ್ತಿದ್ದರು, ನಡೆಯುವ ಹಲ್ಲು ನೋಡಿ ನಗುತ್ತಿದ್ದರು, ಎರಡು ಸಲ ಬಿದ್ದು, "ಇದಕ್ಕೆ ಸೌಂಡ್ ಇಲ್ವಾ?" ಎಂದು ಕೇಳಿ ಮುಂದಿನ ಮೇಜಿಗೆ ಸರಿಯುತ್ತಿದ್ದರು. ಡಾಕ್ಟರೂ ಬಂದು, "ಅಬ್ಬಾ, ನಮ್ಮ ಲ್ಯಾಬಿನವರೇ ಮಾಡಿದ್ದು" ಎಂದು ಪಕ್ಕದವರಿಗೆ ಹೇಳಿಕೊಂಡು ಹೋದರು. ಎರಡು ವರ್ಷದ ಕೆಲಸ ಕುಂಟುವುದನ್ನು ಅಷ್ಟು ಜನರ ಎದುರು ನೋಡುತ್ತ ನಿಲ್ಲುವುದು ಸುಲಭವಲ್ಲ. ಹಲ್ಲಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಬಾಗಿಲ ಕಡೆ ನೋಡುತ್ತ ನಿಂತಿದ್ದಳು.

ಪಿಟೀಲಮ್ಮ ಬಂದದ್ದು ಹನ್ನೆರಡು ದಾಟಿದ ಮೇಲೆ, ಇಸ್ತ್ರಿ ಮಾಡಿದ ಸೀರೆಯಲ್ಲಿ. ಕುರ್ಚಿ ಎಳೆದು ಕೂರಿಸಿ ಆಟ ಆಡುವ ಗುಂಡಿಗಳ ಪೆಟ್ಟಿಗೆಯನ್ನು ಕೈಗೆ ಕೊಟ್ಟಳು ಹಲ್ಲಕ್ಕ. ಅವರು ಕನ್ನಡಕ ಏರಿಸಿ ಮೊದಲ ಪರದೆ ಓದಿದರು.

ಈ ಆಟದಲ್ಲಿ ಒಂದು ರಾಗವಿತ್ತು. ಅದನ್ನು ನುಡಿಸುವ ಹಕ್ಕು ನನಗಿಲ್ಲ. ಅದನ್ನು ಕಟ್ಟಿದವರು ಇವರು.

ಕೆಳಗೆ, ಪರದೆಯ ಅರ್ಧದಷ್ಟು ದೊಡ್ಡದಾಗಿ, ಅವರ ಹೆಸರು.

ಅವರು ಇನ್ನೊಮ್ಮೆ ಓದುತ್ತಿರುವಾಗಲೇ ಹೆಸರು ಮಾಯವಾಗಿ ಆಟ ಶುರುವಾಯಿತು. ಹಲ್ಲಿನ ಸೆಟ್ಟು ನಾಲ್ಕು ಹೆಜ್ಜೆ ನಡೆದು ಹಳ್ಳಕ್ಕೆ ಬಿತ್ತು. ಬಿದ್ದರೆ ಆಟ ಮೊದಲಿಗೆ ಹೋಗುತ್ತದೆ, ಮತ್ತೆ ಹೆಸರು ಬಂತು. ಪಿಟೀಲಮ್ಮ ಪರದೆಗೆ ಮುಖ ಹತ್ತಿರ ತಂದರು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಹಳ್ಳ, ಮತ್ತೆ ಹೆಸರು. ಅವರ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು, ಒತ್ತಲಿಲ್ಲ. ಹಿಂದೆ ಸಾಲು ಬೆಳೆಯಿತು. ಏಳನೆಯ ಸಲ ಬಿದ್ದಾಗ ಸಾಲಿನಲ್ಲಿದ್ದ ಕಾಲೇಜಿನ ಹುಡುಗಿಯೊಬ್ಬಳು ತಡೆಯಲಾರದೆ ಬಗ್ಗಿ ಹೇಳಿದಳು.

"ಅಜ್ಜಿ, ಹಾರೋಕೆ ಕೆಂಪು ಗುಂಡಿ ಒತ್ತಬೇಕು."

"ಗೊತ್ತಮ್ಮ" ಎಂದರು ಪಿಟೀಲಮ್ಮ, ಪರದೆಯಿಂದ ಕಣ್ಣು ಕೀಳದೆ, ಮತ್ತು ಎಂಟನೆಯ ಸಲ ಹಳ್ಳಕ್ಕೆ ನಡೆದರು.