ಕೇದಾರ್ ಕೊರೆದ ಗಂಟಲು

ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿ ಬಡಾವಣೆಯ ಗೋದಾಮುಗಳ ಸಾಲಿನ ಹಿಂದೆ, ಟೈರು ಅಂಗಡಿಗೆ ಬೆನ್ನು ಹಚ್ಚಿಕೊಂಡು ನಿಂತ ಶೆಡ್ಡಿನಲ್ಲಿ ಕೇದಾರ್ ಬಂದೂಕಿನ ಕೆಲಸ ಮಾಡುತ್ತಾನೆ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮಷೀನಿನ ಸದ್ದು ಕೇಳುತ್ತಲೇ ಬೆಳೆದವನು. ಓದಲೆಂದು ಕ್ರೈಸ್ಟ್‌ಚರ್ಚಿಗೆ ಬಂದ, ಓದು ಮುಗಿಯಿತು, ಹನ್ನೆರಡು ವರ್ಷದಿಂದ ಇಲ್ಲೇ ಇದ್ದಾನೆ. ಹೆಂಡತಿಯ ತವರಿನವರಿಗೆ ಅಳಿಯ ಇಂಜಿನಿಯರ್ ಎಂದಷ್ಟೇ ಗೊತ್ತು. ಬಂದೂಕು ಅಂದರೆ ಅತ್ತೆಗೆ ಬಿ.ಪಿ. ಏರುತ್ತದೆ ಎಂದು ಅದೊಂದನ್ನು ಬಾಯಿ ಬಿಟ್ಟಿಲ್ಲ.

ಅವನ ಕೈ ಒಳ್ಳೆಯದು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರುವುದೆಲ್ಲ ಆ ಕೈ ಮಾಡಿದ ತಪ್ಪಿನ ಮಾತು.

ಬಂದೂಕಿನ ನಳಿಗೆಯಲ್ಲಿ ತೋಟಾ ಕೂರುವ ಜಾಗದ ಮುಂದೆ ಒಂದು ಚಿಕ್ಕ ನುಣುಪಾದ ದಾರಿ ಇರುತ್ತದೆ. ಗುಂಡು ಅದನ್ನು ದಾಟಿ, ಮುಂದಿನ ಸುರುಳಿ ಗೀರುಗಳನ್ನು ಕಚ್ಚಿಕೊಂಡು, ತಿರುಗುತ್ತ ಹೊರಬೀಳಬೇಕು. ಶೆಡ್ಡಿನಲ್ಲಿ ಅದಕ್ಕೆ ಥ್ರೋಟ್ ಅನ್ನುತ್ತಾರೆ. ಕೇದಾರ್ ಮನಸ್ಸಿನಲ್ಲಿ ಗಂಟಲು ಅಂದುಕೊಳ್ಳುತ್ತಾನೆ. ಉದ್ದ ಗುಂಡಿಗೆ ಉದ್ದ ಗಂಟಲು, ಗಿಡ್ಡ ಗುಂಡಿಗೆ ಗಿಡ್ಡ ಗಂಟಲು. ಗಿಡ್ಡ ಗುಂಡನ್ನು ಉದ್ದ ಗಂಟಲಿಗೆ ಬಿಟ್ಟರೆ ಅದು ಹಿಡಿತವಿಲ್ಲದೆ ಜಿಗಿದು ಓರೆಯಾಗಿ ಗೀರಿಗೆ ತಗಲಬಹುದು. ಆಮೇಲೆ ಒಂದು ಏಟು ಅಲ್ಲಿ, ಇನ್ನೊಂದು ಇಲ್ಲಿ. ಅದಕ್ಕೇ ತಿಳಿದ ಗಿರಾಕಿಗಳು ಮದ್ದು ತುಂಬದ ಮಾದರಿ ತೋಟಾ ತಂದು, ಇದರ ಅಳತೆಗೆ ಕೊರೆ ಎಂದು ಕೈಗಿಡುತ್ತಾರೆ. ಕಡಿಮೆ ಕೊರೆದರೆ ಮತ್ತೆ ಕೊರೆಯಬಹುದು. ಹೆಚ್ಚು ಕೊರೆದರೆ ಮುಗಿಯಿತು, ಹೋದ ಉಕ್ಕು ಬಾ ಅಂದರೆ ಬರುವುದಿಲ್ಲ, ನಳಿಗೆಯ ಬುಡವನ್ನೇ ಕತ್ತರಿಸಿ ಮೊದಲಿಂದ ಶುರು ಮಾಡಬೇಕು.

ಹೋದ ಫೆಬ್ರವರಿಯಲ್ಲಿ ಡಾಕ್ಟರ್ ಕೇಶವಮೂರ್ತಿ ತಮ್ಮ ಹಳೆಯ ರೈಫಲಿಗೆ ಹೊಸ ನಳಿಗೆ ಹಾಕಿಸಲು ಬಂದರು. ಮೈಸೂರಿನವರು, ಮೂಳೆ ಡಾಕ್ಟರು, ವಯಸ್ಸು ಅರವತ್ತಾರು. ಇಲ್ಲಿಗೆ ಬಂದ ಹೊಸದರಲ್ಲಿ ಈ ದೇಶದವನೇ ಆದ ಸಹೋದ್ಯೋಗಿಯೊಬ್ಬ ಬೆಟ್ಟಕ್ಕೆ ಕರೆದೊಯ್ದು ಬೇಟೆಯ ಹುಚ್ಚು ಹಿಡಿಸಿದ್ದ. ಯುಗಾದಿ ಊಟದಲ್ಲಿ ಕನ್ನಡದವರು, "ಹೆಸರು ಕೇಶವಮೂರ್ತಿ, ಹೊಡೆಯೋದು ಜಿಂಕೆ!" ಎಂದು ರೇಗಿಸಿದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಹೆಂಡತಿ ಪದ್ಮಾವತಿ ಆ ಮಾಂಸವನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಗರಾಜಿನ ಹಿಂದೆ ಬಾರ್ಬೆಕ್ಯೂ ಹಚ್ಚಿ, ಅಕ್ಕಪಕ್ಕದವರಿಗೆ ಹಂಚಿ, ಸ್ನಾನ ಮಾಡಿಯೇ ಒಳಗೆ ಬರಬೇಕು.

ಕೇದಾರನ ಮೇಲೆ ಡಾಕ್ಟರ ಬೇರೆಯದೇ ಋಣವಿತ್ತು. ಅವನಿಗೆ ಬಂದೂಕಿನ ಲೈಸೆನ್ಸ್ ಬೇಕಾದಾಗ, ಇವನು ಎಂಥವನು ಎಂದು ಹೇಳಲು ಒಬ್ಬರು ಬೇಕಿತ್ತು. ಡಾಕ್ಟರು ವಿಚಾರಿಸಲು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, "ಈ ಹುಡುಗ ಸುಳ್ಳು ಹೇಳೋನಲ್ಲ" ಎಂದಿದ್ದರು.

ಆ ದಿನ ಅವರು ಎರಡು ಮಾದರಿ ತೋಟಾ ತಂದಿದ್ದರು. ಗಿಡ್ಡದರ ಬುಡಕ್ಕೆ ಪದ್ಮಾವತಿಯವರ ಕೆಂಪು ಉಗುರುಬಣ್ಣ ಬಳಿದಿತ್ತು.

"ಇನ್ಮೇಲೆ ತಾಮ್ರದ ಗುಂಡೇ ಕಣಪ್ಪ. ಸೀಸದ ಚೂರು ಮಾಂಸದಲ್ಲಿ ಉಳಿಯುತ್ತೆ. ಪಕ್ಕದ್ಮನೆ ಮಕ್ಕಳು ತಿಂತಾರೆ, ಬೇಡ. ನೀನು ಈ ಕೆಂಪು ಬಣ್ಣದ್ದಕ್ಕೆ ಕೊರಿ, ಹಗುರದ್ದು, ಅದಕ್ಕೇ ಗಿಡ್ಡ. ಆ ಉದ್ದದ್ದು ನನ್ನ ಹಳೇ ಸೀಸದ್ದು, ಹೋಲಿಸಿ ನೋಡ್ಲಿ ಅಂತ ತಂದೆ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ತಪ್ಪುವುದಕ್ಕೆ ಜಾಗವೆಲ್ಲಿದೆ? ಜಾಗ ಮಾಡಿಕೊಂಡವನು ಕೇದಾರ್. ಚಿಕ್ಕಂದಿನಲ್ಲಿ ಶಾಲೆಯ ಚಡ್ಡಿ ಹೊಲಿಸುವಾಗ ಅವನ ಅವ್ವ ಪ್ರತಿ ಜೂನಿನಲ್ಲೂ ಟೇಲರನಿಗೆ ಹೇಳುತ್ತಿದ್ದಳು: "ಬೆಳೆಯೋ ಹುಡುಗ ಐತಿ, ಒಂದೀಟು ದೊಡ್ಡದ ಇರ್ಲಿ." ಚಪ್ಪಲಿ, ಸ್ವೆಟರ್, ಸೈಕಲ್, ಎಲ್ಲವೂ ಒಂದೀಟು ದೊಡ್ಡದೇ. ಗಂಟಲು ಕೊರೆಯುವ ರೀಮರ್ ಕೈಗೆತ್ತಿಕೊಂಡಾಗ ಅದೇ ಬುದ್ಧಿ ಬಂತು. ಅಂಕಲ್ ಇವತ್ತು ತಾಮ್ರ ಅಂತಾರ, ನಾಳೆ ಮತ್ತ ಸೀಸಕ್ಕ ಬಂದ ಬರ್ತಾರ. ಉದ್ದಕ್ಕ ಕೊರದ್ರ ಎರಡಕ್ಕೂ ಆಗತೈತಿ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಪ್ರೀತಿಯಿಂದಲೇ ಮಾಡಿದ, ಆದರೆ ಆ ಪ್ರೀತಿಯ ಒಳಗೆ ನನಗೆ ಹೆಚ್ಚು ಗೊತ್ತು ಅನ್ನುವ ಕೊಬ್ಬು ಕೂತಿತ್ತು.

ಕೆಲಸ ಮುಗಿಸಿ ಗುರಿ ಹೊಡೆಯುವ ರೇಂಜಿಗೆ ಹೋಗಿ ಪರೀಕ್ಷಿಸಿದ. ತಾಮ್ರದ ಐದು ಗುಂಡು ಕಾಗದದ ಮೇಲೆ ಅಂಗೈಯಗಲ ಚೆಲ್ಲಾಡಿದವು. ಸೀಸದ ಉದ್ದ ಗುಂಡು ಹಾಕಿ ನೋಡಿದ. ಐದೂ ಒಂದು ನಾಣ್ಯದ ಕೆಳಗೆ ಮುಚ್ಚುವಷ್ಟು ಹತ್ತಿರ ಬಿದ್ದವು. ನಳಿಗೆಯ ಬುಡ ಕತ್ತರಿಸಿ ಹೊಸದಾಗಿ ಕೊರೆದರೆ ಸರಿಯಾಗುತ್ತಿತ್ತು, ಎರಡು ದಿನದ ಕೆಲಸ. ಆದರೆ ಗಂಡು ಜಿಂಕೆಗಳು ಕೂಗುವ ಬೇಟೆಯ ಕಾಲ, ಇಲ್ಲಿನವರ ರೋರ್, ಹತ್ತಿರ ಬಂದಿತ್ತು. ಶೆಡ್ಡಿನಲ್ಲಿ ಹನ್ನೆರಡು ಬಂದೂಕು ಸರತಿಯಲ್ಲಿದ್ದವು. ಸೀಸನ್ ಮುಗಿದ ಮೇಲೆ ಏನೋ ನೆಪ ಹೇಳಿ ವಾಪಸ್ ತರಿಸಿಕೊಂಡು ಸರಿಮಾಡಿದರಾಯಿತು ಅಂದುಕೊಂಡ. ಚೆಲ್ಲಾಡಿದ ಕಾಗದವನ್ನು ಡ್ರಾಯರಿಗೆ ಹಾಕಿ, ಚೆಂದದ ಕಾಗದವನ್ನು ರೈಫಲ್ ಜೊತೆ ಡಾಕ್ಟರಿಗೆ ಕೊಟ್ಟ. ಯಾವ ಗುಂಡು ಎಂದು ಅದರ ಮೇಲೆ ಬರೆಯಲಿಲ್ಲ. ಡಾಕ್ಟರು "ಶಭಾಷ್!" ಅಂದರು, ಇವನು ತಲೆ ತಗ್ಗಿಸಿ ನಕ್ಕ. ಬಾಯಿ ಬಿಡದೆ ಸುಳ್ಳು ಹೇಳುವುದು ಎಷ್ಟು ಸಲೀಸು ನೋಡಿ!

ಮಾರ್ಚಿನಲ್ಲಿ ಡಾಕ್ಟರ ಫೋನ್ ಬಂತು. ರೇಂಜಿನಲ್ಲಿ ಗುಂಡು ಒಂದು ಕಡೆ ನಿಲ್ಲುತ್ತಿಲ್ಲವಂತೆ.

"ನಿನ್ನ ಕಾಗದ ನೋಡ್ದೆ, ಬಂದೂಕು ಚಿನ್ನ. ಕೈ ನಂದು ಕೆಟ್ಟಿದೆ ಕಣಯ್ಯ."

"ಹಂಗೇನಿಲ್ರಿ ಅಂಕಲ್. ಸ್ವಲ್ಪ ಪ್ರಾಕ್ಟೀಸ್ ಮಾಡ್ರಿ, ಸರಿ ಆಗತೈತಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯುವವರು ತಮ್ಮ ಕಾಲನ್ನೇ ಬೈದುಕೊಳ್ಳುತ್ತಿದ್ದರು. ಡೊಂಕು ಮಾಡಿದವನು ಪಕ್ಕದಲ್ಲಿ ನಿಂತು ಪ್ರಾಕ್ಟೀಸ್ ಮಾಡಿ ಅನ್ನುತ್ತಿದ್ದ. ಥೂ ಎಂದು ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸಿತು ಅವನಿಗೆ.

ಏಪ್ರಿಲಿನಲ್ಲಿ ಡಾಕ್ಟರು ಬೆಟ್ಟದಲ್ಲಿ ಒಂದು ಹೆಣ್ಣು ಜಿಂಕೆಗೆ ಹೊಡೆದರು. ಏಟು ಹೊಟ್ಟೆಗೆ ಬಿತ್ತು. ಅದು ರಕ್ತ ಸುರಿಸುತ್ತ ಪೊದೆಗೆ ನುಗ್ಗಿತು, ಸಂಜೆಯವರೆಗೆ ಹುಡುಕಿದರೂ ಸಿಗಲಿಲ್ಲ. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಆಮೇಲೆ ಅವರು ಬಂದೂಕು ಮುಟ್ಟಲಿಲ್ಲ. ಇದನ್ನು ಕೇಳಿದ ದಿನವೂ ಕೇದಾರ್ ಹೇಳಲಿಲ್ಲ. ಒಂದು ತಿಂಗಳು ಮುಚ್ಚಿಟ್ಟದ್ದನ್ನು ಎರಡನೇ ತಿಂಗಳು ಹೇಳುವುದು ಎರಡು ಪಟ್ಟು ಕಷ್ಟ, ಮೂರನೇ ತಿಂಗಳು ಕೇಳಲೇಬೇಡಿ. ಬಿಸಿ ತುಪ್ಪ ಬಾಯಲ್ಲಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಅಕ್ಟೋಬರಿನ ಒಂದು ಮಧ್ಯಾಹ್ನ ಅವನ ಹೆಂಡತಿ ಪ್ರತೀಕ್ಷಾ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು. ಅವಳು ಡಾಕ್ಟರು ಇರುವ ಆಸ್ಪತ್ರೆಯಲ್ಲೇ ಆಪರೇಷನ್ ಥಿಯೇಟರಿನ ನರ್ಸ್.

"ಕೇಶವಮೂರ್ತಿ ಅಂಕಲ್ ಆಪರೇಷನ್ ಬಿಡಾಕತ್ತಾರ. ಮುಂದಿನ ವಾರ ಕಡೀದಂತ. ಕೇಕ್ ಆರ್ಡರ್ ಮಾಡೀವಿ."

"ಯಾಕಂತ?"

"ಕೈ ಮ್ಯಾಲ ನಂಬಿಕಿ ಇಲ್ಲಂತ. ನಾ ದಿನಾ ಬಾಜೂಕ ನಿಂತು ನೋಡ್ತೀನಿ, ಆ ಕೈಗೆ ಏನೂ ಆಗಿಲ್ಲ. ಯಾರು ಏನು ಹೇಳಿ ತಲಿ ಕೆಡಿಸ್ಯಾರೋ! ಯಾಕ, ನಿನ್ನ ಮಾರಿ ಯಾಕ ಹಂಗಾತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇದಾರನ ಕೈ ಹೋಗಿ ಬಾಯಿ ಮುಚ್ಚಿಕೊಂಡಿತು. ಅಲ್ಲೇ ನಿಂತು ಎಲ್ಲ ಹೇಳಿದ. ಪ್ರತೀಕ್ಷಾ ಬೈಯಲಿಲ್ಲ. ಕಾರಿನ ಕೀ ತಂದು ಅವನ ಅಂಗೈಯಲ್ಲಿಟ್ಟು, "ಈಗ ಹೋಗು" ಅಂದಳು.

ಶೆಡ್ಡಿಗೆ ಹೋಗಿ ಡ್ರಾಯರಿನ ಕಾಗದ ತೆಗೆದುಕೊಂಡು ಡಾಕ್ಟರ ಮನೆಗೆ ಹೋದ. ಅವರು ಗರಾಜಿನಲ್ಲಿ ಹಳೆಯ ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದರು. ಗೋಡೆಯ ಮೇಲೆ ಇವನು ಕೊಟ್ಟ ಚೆಂದದ ಕಾಗದ, ನಾಲ್ಕು ಮೂಲೆಗೂ ಪಿನ್ ಚುಚ್ಚಿ, ಹಾಗೇ ಇತ್ತು.

"ಬಾರಪ್ಪ ಬಾ. ಪದ್ದೂ, ಕೇದಾರ್ ಬಂದಿದಾನೆ, ಕಾಫಿ!"

ಕೇದಾರ್ ಕೂರಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹರಡಿದ.

"ಅಂಕಲ್, ಇದು ನಿಮ್ಮ ಬಂದೂಕಿಂದ್ರಿ. ತಾಮ್ರದ ಗುಂಡು, ನಾನ ಹೊಡದದ್ದು. ಗ್ವಾಡಿ ಮ್ಯಾಲಿಂದು ಸೀಸದ್ದು. ನೀವು ಗಿಡ್ಡದ್ದಕ್ಕ ಕೊರಿ ಅಂದಿದ್ರಿ, ನಾ ಉದ್ದಕ್ಕ ಕೊರದೀನಿ. ನಿಮ್ಮ ಕೈಯಾಗ ತಪ್ಪಿಲ್ರಿ. ಎಲ್ಲಾ ನಂದ ತಪ್ಪು."

ಡಾಕ್ಟರು ಕನ್ನಡಕ ಏರಿಸಿ ಎರಡೂ ಕಾಗದ ನೋಡಿದರು. ಎಕ್ಸ್‌ರೇ ನೋಡುವವರಂತೆ ಬಹಳ ಹೊತ್ತು ನೋಡಿದರು.

"ಕೊರೆಯೋದ್ರಲ್ಲಿ ತಪ್ಪು ಆಗುತ್ತೆ. ನಾನೂ ಮಾಡಿದೀನಿ. ಅವತ್ತೇ ಪೇಷೆಂಟ್ ಮುಂದೆ ಹೋಗಿ ನಿಂತ್ಕೊಂಡು ಹೇಳಿದೀನಿ." ಅವರು ಕನ್ನಡಕ ತೆಗೆದರು. "ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತ ಗೊತ್ತಿತ್ರಿ."

"ಫೆಬ್ರವರಿಲಿ?"

"ಹೌದ್ರಿ."

"ನರದ ಡಾಕ್ಟರ ಹತ್ರ ಎರಡು ಸಲ ಹೋದೆ. ಏನೂ ಇಲ್ಲ ಅಂದ್ರು. ಮನೆಗೆ ಬಂದು ಈ ಗೋಡೆ ನೋಡ್ತಿದ್ದೆ. ಅವರು ಸಮಾಧಾನಕ್ಕೆ ಹೇಳ್ತಾರೆ, ಕೇದಾರ್ ಕಾಗದ ಸುಳ್ಳು ಹೇಳುತ್ತಾ ಅಂದ್ಕೊತಿದ್ದೆ." ಅವರ ದನಿ ಏರಲಿಲ್ಲ. "ಕಷ್ಟದ ಕೇಸು ಹನ್ನೊಂದು ಇತ್ತು ಕಣೋ ನನ್ನ ಪಟ್ಟೀಲಿ. ನನ್ನ ಕೈ ನಂಬಿ ಅವರನ್ನ ಮಲಗಿಸಬಾರದು ಅಂತ ಬೇರೆಯವರಿಗೆ ಬಿಟ್ಟೆ. ಅವರಿಗೆಲ್ಲಿ ಪುರುಸೊತ್ತು? ಇನ್ನೂ ಕಾಯ್ತಿದಾರೆ ಹನ್ನೊಂದು ಜನ, ನೋವು ತಿಂತಾ."

ಕೇದಾರ್ ಜಿಂಕೆಯ ಬಗ್ಗೆ ಯೋಚಿಸಿದ್ದ, ಡಾಕ್ಟರ ಮಾನದ ಬಗ್ಗೆ ಯೋಚಿಸಿದ್ದ. ಈ ಹನ್ನೊಂದು ಜನ ಅವನ ಲೆಕ್ಕದಲ್ಲೇ ಇರಲಿಲ್ಲ. ಹೊಸ ನಳಿಗೆ ಹಾಕಿಕೊಡುತ್ತೇನೆ ಎಂದು ಏನೋ ತೊದಲಿದ. ಅಷ್ಟರಲ್ಲಿ ಪದ್ಮಾವತಿ ಎರಡು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದರು.

"ಒಂದು ಸಾಕು ಪದ್ದೂ," ಅಂದರು ಡಾಕ್ಟರು. "ಅವನು ಹೊರಟ."

ಹನ್ನೆರಡು ವರ್ಷದಲ್ಲಿ ಆ ಮನೆಯಿಂದ ಅವನು ಕಾಫಿ ಕುಡಿಯದೆ ಹೊರಟಿದ್ದು ಅದೇ ಮೊದಲು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಕಾರಿನಲ್ಲಿ ಕೂತು ಅತ್ತ.

ಕೇಕ್ ಆರ್ಡರ್ ರದ್ದಾಯಿತು. ಡಾಕ್ಟರು ವಾರಕ್ಕೆ ಮೂರು ದಿನ ಥಿಯೇಟರಿಗೆ ಮರಳಿದರು. ನವೆಂಬರಿನಲ್ಲಿ, ಕೇದಾರ್ ಊಟಕ್ಕೆ ಹೋಗಿದ್ದ ಹೊತ್ತು ನೋಡಿಕೊಂಡು, ರೈಫಲನ್ನು ಶೆಡ್ಡಿನ ಯಜಮಾನನ ಕೈಗೆ ಕೊಟ್ಟು ಹೋದರು. ಜೊತೆಗೆ ಒಂದೇ ಮಾದರಿ ತೋಟಾ, ಬುಡದಲ್ಲಿ ಕೆಂಪು ಬಣ್ಣದ್ದು. ಚೀಟಿಯಲ್ಲಿ, "ಇದಕ್ಕೆ. ಇದಕ್ಕೆ ಮಾತ್ರ," ಎಂದು ಬರೆದಿತ್ತು. ಬೇರೆ ಯಾರ ಹತ್ತಿರವಾದರೂ ಹೋಗಬಹುದಿತ್ತು, ಇವನ ಹತ್ತಿರವೇ ಕಳಿಸಿದ್ದರು. ಕೇದಾರ್ ನಳಿಗೆಯ ಬುಡ ಕತ್ತರಿಸಿ, ಹೇಳಿದಷ್ಟೇ ಕೊರೆದ. ಪರೀಕ್ಷೆಯ ಕಾಗದದ ಮೇಲೆ ಗುಂಡು, ತಾರೀಖು, ತನ್ನ ಹೆಸರು ಎಲ್ಲ ಬರೆದ. ಡಾಕ್ಟರು ಬಂದು ಒಯ್ದರು, ಚೆನ್ನಾಗಿದೆ ಅಂದರು. ಶಭಾಷ್ ಅನ್ನಲಿಲ್ಲ.

ಹನ್ನೊಂದು ಜನರಲ್ಲಿ ಹತ್ತು ಮಂದಿಯ ಆಪರೇಷನ್ ಕ್ರಿಸ್‌ಮಸ್ಸಿನೊಳಗೆ ಆಯಿತು. ಒಬ್ಬ ಮುದುಕ ಮಾತ್ರ, ಕಾದು ಕಾದು ಬೇಸತ್ತು, ಇನ್ನು ಬೇಡ, ಹೀಗೇ ಇರುತ್ತೇನೆ ಅಂದುಬಿಟ್ಟನಂತೆ. ಅವನ ಹೆಸರು ಪ್ರತೀಕ್ಷಾಳಿಗೆ ಗೊತ್ತು, ಆದರೆ ಹೇಳುವ ಹಾಗಿಲ್ಲ, ಕೇದಾರನೂ ಕೇಳುವುದಿಲ್ಲ. ಈಗ ಹಾರ್ನ್‌ಬಿಯ ಮಾಲ್‌ನಲ್ಲಿ ಯಾರಾದರೂ ಮುದುಕ ವಾಕರ್ ಹಿಡಿದು, ಒಂದು ಕಾಲು ಎಳೆಯುತ್ತ ಬಂದರೆ ಕೇದಾರ್ ತರಕಾರಿ ಚೀಲ ಹಿಡಿದು ನಿಂತುಬಿಡುತ್ತಾನೆ. ಇವರೇ ಇರಬಹುದಾ ಎಂದು ನೋಡುತ್ತಾನೆ. ಹೋಗಿ ಬಾಗಿಲು ಹಿಡಿದು ನಿಲ್ಲುತ್ತಾನೆ. ಮುದುಕ ಥ್ಯಾಂಕ್ಸ್ ಅಂದರೆ ಏನು ಹೇಳಬೇಕೋ ಅವನಿಗೆ ತಿಳಿಯುವುದಿಲ್ಲ.